ಗಡ್ಡಮ್ಮನ ನೀಲಿ ಮೊಟ್ಟೆ

ನಾನು ಚಿಕ್ಕವನಿದ್ದಾಗ ಮೊಟ್ಟೆಗೆ ಎರಡೇ ಬಣ್ಣ ಮಕ್ಕಳೇ. ಒಂದು ಬಿಳಿ, ಇನ್ನೊಂದು ನಾಟಿ ಕೋಳಿಯ ತಿಳಿಗಂದು. ಮೂರನೆಯ ಬಣ್ಣವೂ ಒಂದಿದೆ ಎಂದು ನಮ್ಮೂರು ಮಾಕಳಿಯಲ್ಲಿ ಯಾರಾದರೂ ಹೇಳಿದ್ದರೆ, ಇವನಿಗೆ ತಲೆ ಕೆಟ್ಟಿದೆ ಎಂದು ಊರೆಲ್ಲ ನಗುತ್ತಿತ್ತು. ಅದಕ್ಕೇ ಆ ದಿನ ಬೆಳಿಗ್ಗೆ ಕೊಟ್ಟಿಗೆಯ ಮೂಲೆಯಲ್ಲಿ ನಾನು ಕಂಡದ್ದನ್ನು ನೆನೆಸಿಕೊಂಡರೆ ಇವತ್ತಿಗೂ ಎದೆ ಧಸಕ್ ಅನ್ನುತ್ತದೆ. ನಗಬೇಡಿ. ನೀವಾಗಿದ್ದರೂ ಕಿರುಚಿಕೊಳ್ಳುತ್ತಿದ್ದಿರಿ.

ನಮ್ಮ ಮನೆ ಇದ್ದದ್ದು ತುಮಕೂರು ರಸ್ತೆಗೆ ಹತ್ತಿರದಲ್ಲೇ. ಹಿತ್ತಲಲ್ಲಿ ದನದ ಕೊಟ್ಟಿಗೆ, ಅದರ ಹಿಂದೆ ತಿಪ್ಪೆ, ತಿಪ್ಪೆ ದಾಟಿದರೆ ಒಂದು ಸಣ್ಣ ಹಳ್ಳ. ಪೀಣ್ಯದಲ್ಲಿ ಕಾರ್ಖಾನೆಗಳಿಗೆ ಜಾಗ ಸಾಲದೆ ಒಂದೊಂದೇ ಶೆಡ್ಡು ನಮ್ಮೂರ ಕಡೆಗೆ ಸರಿದು ಬರುತ್ತಿದ್ದ ಕಾಲ ಅದು. ನಮ್ಮ ಹಳ್ಳದ ಮೇಲುಗಡೆಯೂ ಒಂದು ಶೆಡ್ಡು ಎದ್ದಿತ್ತು. ಕಬ್ಬಿಣದ ಸಾಮಾನುಗಳನ್ನು ಬಣ್ಣದ ನೀರಿನ ತೊಟ್ಟಿಗಳಲ್ಲಿ ಇಳಿಬಿಟ್ಟು, ಕರೆಂಟು ಹಾಯಿಸಿ, ಮೇಲೆ ಹೊಳೆಯುವ ಲೇಪ ಕೊಡುವ ಪ್ಲೇಟಿಂಗ್ ಶೆಡ್ಡು. ನನ್ನ ಅಪ್ಪನಿಗೆ ಕೆಲಸ ಅಲ್ಲೇ. ಅಪ್ಪ ನೋಡಿಕೊಳ್ಳುತ್ತಿದ್ದ ತೊಟ್ಟಿಯಲ್ಲಿ ಇದ್ದದ್ದು ಮೈಲುತುತ್ತದ ನೀಲಿ ನೀರು. ಎಷ್ಟು ತಿಕ್ಕಿ ತೊಳೆದರೂ ಅವನ ಉಗುರಿನ ಸಂದಿಯಿಂದ ಆ ನೀಲಿ ಹೋಗುತ್ತಿರಲಿಲ್ಲ. ತೊಟ್ಟಿ ತೊಳೆದ ದಿನ ಹಳ್ಳದಲ್ಲೂ ಅದೇ ಬಣ್ಣ ಹರಿಯುತ್ತಿತ್ತು, ಘಾಟು ಮೂಗಿಗೆ ಹೊಡೆಯುತ್ತಿತ್ತು. ಒಮ್ಮೆ ಪಕ್ಕದ ಮನೆಯವರ ಕುರಿ ಆ ನೀರು ಕುಡಿದು ಸತ್ತೇ ಹೋಯಿತು.

ಇನ್ನು ಗಡ್ಡಮ್ಮನ ವಿಷಯ. ಗಡ್ಡಮ್ಮ ಅಂದರೆ ನನ್ನ ಕೋಳಿ. ಅದು ನಮ್ಮ ಮನೆಗೆ ಬಂದದ್ದು ಅಪ್ಪನ ಖಾಲಿ ಊಟದ ಡಬ್ಬಿಯಲ್ಲಿ! ಶೆಡ್ಡಿನ ಮಾಲೀಕರಿಗೆ ಯಾರೋ ಸ್ನೇಹಿತರು ಒಂದು ಬುಟ್ಟಿ ಕೋಳಿಮರಿ ಕಳಿಸಿದ್ದರಂತೆ. ಅದರಲ್ಲಿ ಒಂದು ಮರಿ ಕತ್ತು ಎತ್ತಲೂ ಆಗದೆ ಬಿದ್ದುಕೊಂಡಿತ್ತಂತೆ. ‘ಇದು ಉಳಿಯಲ್ಲ, ಬೇಕಾದ್ರೆ ತಗೊಂಡೋಗು’ ಎಂದು ಅವರು ಅಪ್ಪನಿಗೆ ಕೊಟ್ಟುಬಿಟ್ಟಿದ್ದರು. ಅದನ್ನು ಉಳಿಸಿದ್ದು ನಾನು. ಹಗಲೆಲ್ಲ ಅಂಗಿಯೊಳಗೆ ಇಟ್ಟುಕೊಂಡು ಓಡಾಡಿದೆ. ಅದರ ಉಗುರು ಕೆರೆದು ನನ್ನ ಹೊಟ್ಟೆಯ ಮೇಲೆ ಗೀರುಗಳಾಗಿದ್ದವು. ನುಚ್ಚನ್ನು ಅಗಿದು ಮೆತ್ತಗೆ ಮಾಡಿ ತಿನ್ನಿಸಿದೆ. ಬೆಳೆದ ಮೇಲೆ ನೋಡಿದರೆ ಕೆನ್ನೆಯ ಎರಡೂ ಕಡೆ ಪುಕ್ಕದ ಗಡ್ಡ! ಅಂಥ ಕೋಳಿಯನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಹೆಸರಿಟ್ಟವಳು ಅಕ್ಕ. ಗಡ್ಡಮ್ಮ ನನ್ನ ಹಿಂದೆಯೇ ಓಡಾಡುತ್ತಿತ್ತು. ನಾನು ಶಾಲೆಗೆ ಹೊರಟರೆ ಬೇಲಿಯವರೆಗೂ ಬಂದು, ಅಲ್ಲಿ ನಿಂತು, ಕೊಕ್ ಕೊಕ್ ಎಂದು ಗೊಣಗಿ ವಾಪಸ್ ಹೋಗುತ್ತಿತ್ತು.

ಆ ದಿನ ಅದು ಮೊದಲ ಮೊಟ್ಟೆ ಇಟ್ಟ ದಿನ. ಹಿಂದಿನ ದಿನದಿಂದಲೇ ಮೂಲೆ ಮೂಲೆ ಹುಡುಕುತ್ತ, ಹುಲ್ಲು ಕೆದಕುತ್ತ ಒದ್ದಾಡುತ್ತಿತ್ತು. ಬೆಳಿಗ್ಗೆ ಕೊಟ್ಟಿಗೆಯಿಂದ ಕೇಕೆ ಕೇಳಿದ ಕೂಡಲೇ ಇದ್ದಿಲಿನಲ್ಲಿ ಹಲ್ಲುಜ್ಜುತ್ತಿದ್ದವನು ಬಾಯಿಯ ಮಸಿಯನ್ನೂ ಉಗುಳದೆ ಓಡಿದೆ. ಸಗಣಿ, ಒಣಹುಲ್ಲು, ಹಸುವಿನ ಬಿಸಿ ಉಸಿರಿನ ವಾಸನೆ. ಹುಲ್ಲಿನ ಕುಳಿಗೆ ಕೈ ಹಾಕಿದೆ. ಬೆಚ್ಚಗೆ ಸಿಕ್ಕಿತು. ಎತ್ತಿ ಬೆಳಕಿಗೆ ಹಿಡಿದೆ.

ನೀಲಿ!

ಅಕ್ಕನ ಶಾಲೆಯ ಲಂಗ ಒಗೆದೂ ಒಗೆದೂ ಮಾಸಿದ ಮೇಲೆ ಯಾವ ಬಣ್ಣ ಇತ್ತೋ ಆ ತಿಳಿನೀಲಿ. ಕಣ್ಣುಜ್ಜಿಕೊಂಡೆ. ಲಂಗದ ಚೂರೋ ಏನೋ ಸುತ್ತಿಕೊಂಡಿದೆ ಎಂದು ಉಗುರಿನಿಂದ ಕೆರೆದೆ. ಮೊಟ್ಟೆಯೇ ನೀಲಿ. ಬಾಯಲ್ಲಿದ್ದ ಮಸಿಯನ್ನು ನುಂಗಿಬಿಟ್ಟೆ. ಆಮೇಲೆ ಎಂಥ ಕೂಗು ಹಾಕಿದೆ ಅಂದರೆ ಹಸು ಹಗ್ಗ ಕಿತ್ತುಕೊಳ್ಳುವಷ್ಟು ಜೋರಾಗಿ ಜಗ್ಗಿತು.

ಮೊದಲು ಬಂದವಳು ಅಜ್ಜಿ, ಅಂದರೆ ಅಪ್ಪನ ತಾಯಿ. ಕೈಯಲ್ಲಿ ಪೊರಕೆ. ಮೊಟ್ಟೆ ನೋಡಿದವಳೇ ಎರಡು ಹೆಜ್ಜೆ ಹಿಂದೆ ಹಾರಿದಳು.

“ಅಯ್ಯಯ್ಯೋ! ಬಿಸಾಕೋ ಅದನ್ನ! ಯಾವ ಮನೆಹಾಳ್ರು ಮಾಟ ಮಾಡವ್ರೋ ನಮಗೆ!”

ನಾನು ಎಸೆಯಲು ಕೈ ಎತ್ತಿದೆ.

“ಬಿಸಾಕಬ್ಯಾಡ, ನಿಲ್ಲು! ಒಡೆದ್ರೆ ಇನ್ನೂ ಕೆಟ್ಟದ್ದು!”

ನಾನು ಕೈ ಎತ್ತಿದ್ದು ಎತ್ತಿದ ಹಾಗೇ ಗರುಡಗಂಬದಂತೆ ನಿಂತೆ. ಅಷ್ಟರಲ್ಲಿ ಅಮ್ಮ, ಅಕ್ಕ ಇಬ್ಬರೂ ಓಡಿ ಬಂದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕ ಮಾತ್ರ ಹತ್ತಿರ ಬಂದು ಮೂಸಿ ನೋಡಿದಳು. ಅವಳು ಹಾಗೇ, ಯಾವುದಕ್ಕೂ ಮೂಗು ತೂರಿಸುವವಳು.

“ಅಜ್ಜಿ, ಮಾಟ ಮಾಡೋರು ಮೊಟ್ಟೆಗೆ ಕುಂಕುಮ ಬಳಿದು ಬಾಗಿಲಾಗೆ ಇಟ್ಟೋಯ್ತಾರೆ. ಕೋಳಿ ಹೊಟ್ಟೆಯೊಳಗೆ ಹೆಂಗೆ ಮಾಡ್ತಾರೆ?” ಎಂದಳು.

“ಮಾಡೋರು ಎಲ್ಲಿ ಬೇಕಾದ್ರೂ ಮಾಡ್ತಾರೆ. ನೀನು ಸುಮ್ಕಿರೇ!”

ಒಂದು ಒಡೆದ ಮಡಕೆಯಲ್ಲಿ ಬೂದಿ ಹಾಕಿಸಿ, ಆ ಮೊಟ್ಟೆಯನ್ನು ಅದರ ಮೇಲೆ ಇಡಿಸಿ, ಅಂಗಳದ ನಡುವೆ ಕೂರಿಸಿದಳು ಅಜ್ಜಿ. ಮನೆಯೊಳಗೆ ತರಲು ಬಿಡಲೇ ಇಲ್ಲ. ನನ್ನ ಕೈಗೆ ಅರಿಶಿನ ಹಚ್ಚಿ ತಿಕ್ಕಿ ತಿಕ್ಕಿ ತೊಳೆಸಿದಳು. ಉಪ್ಪು, ಒಣಮೆಣಸಿನಕಾಯಿ ಹಿಡಿದು ನನ್ನ ತಲೆ ಸುತ್ತ ನೀವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದ್ದೇ ಕೆಮ್ಮಿದ್ದು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲವಂತೆ; ಘಾಟು ಬಂತು, ಹಾಗಾದರೆ ದೃಷ್ಟಿಯಲ್ಲ, ಇದು ಬೇರೆ ಏನೋ ಎಂದು ಅಜ್ಜಿ ಇನ್ನಷ್ಟು ಹೆದರಿದಳು. ಬೇಲಿಯಾಚೆ ಊರವರ ತಲೆಗಳು ಕಾಣತೊಡಗಿದವು. ಯಾರೂ ಒಳಗೆ ಬರಲಿಲ್ಲ. ಕುರಿ ಕಳೆದುಕೊಂಡಿದ್ದ ಪಕ್ಕದ ಮನೆಯ ಅತ್ತೆ ಮಾತ್ರ ಅಲ್ಲಿಂದಲೇ, “ಮೊದಲು ಆ ಕೋಳಿ ಮನೇಲಿ ಇಲ್ಲದಂಗೆ ಮಾಡ್ರವ್ವ” ಎಂದು ಕೂಗಿ ಹೇಳಿದಳು.

ಅಜ್ಜಿಗೆ ಅಷ್ಟೇ ಬೇಕಿತ್ತು. “ಸಂಜೆಗೆ ಮುನೇಶ್ವರನಿಗೆ ಒಪ್ಪಿಸಿಬಿಡಾಣ” ಎಂದಳು.

ಒಪ್ಪಿಸುವುದು ಅಂದರೆ ಏನು ಗೊತ್ತಲ್ಲ? ಊರಾಚೆಯ ಮುನೇಶ್ವರನ ಕಲ್ಲಿನ ಮುಂದೆ ಕುಯ್ಯುವುದು. ಅಂಗಿಯೊಳಗೆ ಇಟ್ಟು ಬೆಳೆಸಿದ ಕೋಳಿ! ಯಾರಿಗೂ ಹೇಳದೆ ಗಡ್ಡಮ್ಮನನ್ನು ಎತ್ತಿಕೊಂಡು ಕೊಟ್ಟಿಗೆಯ ಅಟ್ಟ ಹತ್ತಿ, ಹುಲ್ಲಿನ ಹೊರೆಗಳ ಹಿಂದೆ ಕೂತುಬಿಟ್ಟೆ. ಶಾಲೆಗೂ ಹೋಗಲಿಲ್ಲ. ಅಮ್ಮ ಕರೆದರೂ ಇಳಿಯಲಿಲ್ಲ. ಗಡ್ಡಮ್ಮ ನನ್ನ ತೊಡೆಯ ಮೇಲೆ ಕೂತು, ತಾನು ಎಂಥ ದೊಡ್ಡ ಕೆಲಸ ಮಾಡಿದ್ದೇನೆ ಎಂಬಂತೆ ಅರೆಗಣ್ಣು ಮುಚ್ಚಿಕೊಂಡಿತ್ತು. ಅದರ ಎದೆ ಬಡಿತ ನನ್ನ ಅಂಗೈಗೆ ತಾಗುತ್ತಿತ್ತು. ಅಪ್ಪ ಬರಲಿ, ಅಪ್ಪ ಬಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಕಾದೆ.

ಮಧ್ಯಾಹ್ನ ಶಿಫ್ಟು ಮುಗಿಸಿ ಅಪ್ಪನ ಸೈಕಲ್ಲು ಬಂತು. ಅಟ್ಟದ ಸಂದಿಯಿಂದ ನೋಡುತ್ತಿದ್ದೆ. ಅಪ್ಪ ಬಗ್ಗಿ ಮಡಕೆಯೊಳಗೆ ನೋಡಿದ. ನಗುತ್ತಾನೆ ಎಂದುಕೊಂಡೆ. ಅಜ್ಜಿಯ ಮಾಟ ಮಂತ್ರಕ್ಕೆಲ್ಲ ಅವನು ನಗುವವನೇ. ಆದರೆ ಅಪ್ಪನ ಮುಖ ಬಿಳಿಚಿಕೊಂಡಿತು. ಸೈಕಲ್ಲು ಕೈ ತಪ್ಪಿ ದಡಾರನೆ ಬಿತ್ತು.

“ಯಾರಾದ್ರೂ ತಿಂದ್ರಾ ಇದನ್ನ?” ಎಂದ. ಅಪ್ಪನ ದನಿ ಹಾಗೆ ನಡುಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

“ಇದೇ ಮೊದಲ ಮೊಟ್ಟೆ ಕಣಪ್ಪ. ಯಾರೂ ಬಾಯಿಗಿಟ್ಟಿಲ್ಲ” ಎಂದಳು ಅಜ್ಜಿ.

ಅಪ್ಪ ಉಸ್ಸೆಂದು ಅಂಗಳದಲ್ಲೇ ಕುಕ್ಕರಿಸಿದ. “ಇದು ಮಾಟ ಅಲ್ಲವ್ವ, ನಮ್ಮ ತೊಟ್ಟಿ ನೀರು. ತಿಪ್ಪೆ ಕೆದಕೋಕೆ ಹೋಗಿ ಹಳ್ಳದಾಗೆ ಕುಡಿದೈತೆ ಕೋಳಿ. ನೋಡು” ಎಂದು ತನ್ನ ಉಗುರನ್ನು ಮೊಟ್ಟೆಯ ಪಕ್ಕ ಹಿಡಿದ. ಉಗುರಿನ ನೀಲಿ ಗಾಢ, ಮೊಟ್ಟೆಯದು ತಿಳಿ. ನನಗೇನೋ ಎರಡೂ ಒಂದೇ ಎನ್ನಿಸಲಿಲ್ಲ. ಆದರೆ ಹೆದರಿದವರಿಗೆ ಅದೆಲ್ಲ ಎಲ್ಲಿ ಕಾಣುತ್ತದೆ! ಅಪ್ಪ ಹುಣಸೆಹಣ್ಣು ತರಿಸಿ, ಶೆಡ್ಡಿನಲ್ಲಿ ಲೇಪ ಗಟ್ಟಿಯಾಗಿದೆಯೋ ಇಲ್ಲವೋ ಎಂದು ತಿಕ್ಕಿ ನೋಡುತ್ತಾರಲ್ಲ, ಹಾಗೆ ಮೊಟ್ಟೆಯನ್ನು ತಿಕ್ಕಿದ. ಬೂದಿ ಹೋಯಿತು, ನೀಲಿ ಇನ್ನೂ ನಿಚ್ಚಳವಾಯಿತು. ಅಪ್ಪನ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು.

ಈಗ ಶುರುವಾಯಿತು ನೋಡಿ ಪೇಚಾಟ. ಸಂಜೆಗೆ ಒಪ್ಪಿಸಲೇಬೇಕು ಎಂದಳು ಅಜ್ಜಿ. ಒಪ್ಪಿಸಿದರೆ ತಿನ್ನಬೇಕಲ್ಲ, ಆ ವಿಷದ ಮಾಂಸ ತಿಂದರೆ ಕುರಿಯ ಗತಿಯೇ ನಮಗೂ ಎಂದ ಅಪ್ಪ. ಹಾಗಾದರೆ ಕುಯ್ದು ಹೂಳಿಬಿಡೋಣ ಎಂದಳು ಅಮ್ಮ ಮೆಲ್ಲಗೆ. ಅಜ್ಜಿ ಕಣ್ಣು ಕೆಂಪಗೆ ಮಾಡಿದಳು.

“ಮುನೇಶ್ವರನ ಹೆಸರೇಳಿ ಕುಯ್ದಿದ್ದನ್ನ ಮನೇರು ತಿನ್ನದೆ ಮಣ್ಣಿಗಾಕೋದಾ? ಅಂಥಾ ಅಪಚಾರ ಈ ಮನೇಲಿ ನಡಿಯಾಕಿಲ್ಲ.”

ಅಜ್ಜಿಯ ಭಯ ಕುಯ್ಯಿ ಎನ್ನುತ್ತಿತ್ತು, ಅಪ್ಪನ ಭಯ ತಿನ್ನಬೇಡ ಎನ್ನುತ್ತಿತ್ತು. ಇಬ್ಬರ ನಡುವೆ ನನ್ನ ಗಡ್ಡಮ್ಮನ ಕತ್ತು ಉಳಿಯಿತು. ಅಟ್ಟದ ಮೇಲೆ ನಾನು ಉಸಿರು ಬಿಟ್ಟೆ. ಆದರೆ ಆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಊರಿಗೆ ರೋಗ ರುಜಿನ ಬಂದಾಗ ಕೋಳಿಯೊಂದನ್ನು ನೀವಾಳಿಸಿ ಜೀವಸಹಿತ ಗಡಿಯಾಚೆ ಬಿಟ್ಟು ಬರುವ ಪದ್ಧತಿ ನಮ್ಮಲ್ಲಿ ಇತ್ತು. ಹಾಗೇ ಮಾಡೋಣ ಎಂದು ಅಜ್ಜಿ ತೀರ್ಮಾನಿಸಿದಳು. ಅಪ್ಪನೂ ಒಪ್ಪಿದ. ಮೊಟ್ಟೆ ಮಾತ್ರ ಇರಲಿ, ನಾಳೆ ಮಾಲೀಕರಿಗೆ ತೋರಿಸುತ್ತೇನೆ ಎಂದ.

ಗಡಿಕಲ್ಲು ಇದ್ದದ್ದು ಹೆದ್ದಾರಿಯ ಆಚೆ. ಅಪ್ಪ ಅಟ್ಟ ಹತ್ತಿ ನನ್ನನ್ನು ಕೆಳಗಿಳಿಸಿದ. ಬೈಯಲಿಲ್ಲ, ಹೊಡೆಯಲಿಲ್ಲ. “ನೀನೇ ಎತ್ಕೊಂಡು ಬಾ ಮಗಾ. ನಿನ್ನ ಕೈಯಾಗಾದ್ರೆ ಒದ್ದಾಡಾಕಿಲ್ಲ ಅದು” ಎಂದ. ಸೈಕಲ್ಲಿನ ಹಿಂದೆ ಗಡ್ಡಮ್ಮನನ್ನು ಅಪ್ಪಿಕೊಂಡು ಕೂತೆ. ಲಾರಿಗಳು ಭರ್ರೆಂದು ಹೋಗುತ್ತಿದ್ದವು, ಡೀಸೆಲ್ ಹೊಗೆ, ಬಿಸಿ ಟಾರಿನ ವಾಸನೆ. ರಸ್ತೆ ದಾಟಲು ನಮಗೇ ಎಷ್ಟೋ ಹೊತ್ತು ಕಾಯಬೇಕಾಯಿತು. ಗಡಿಕಲ್ಲಿನ ಹತ್ತಿರ ರಾಗಿ ಹೊಲದ ಬದುವಿನಲ್ಲಿ ಅದನ್ನು ಇಳಿಸಿದೆ. ಅದು ನನ್ನ ಕಾಲ ಬೆರಳನ್ನು ಒಮ್ಮೆ ಕುಕ್ಕಿ, ಹುಳ ಹುಡುಕತೊಡಗಿತು. ಅದಕ್ಕೇನು ಗೊತ್ತು!

“ಹತ್ತು. ತಿರುಗಿ ನೋಡಬ್ಯಾಡ” ಎಂದ ಅಪ್ಪ. ಸೈಕಲ್ಲು ಹೊರಟಿತು. ಹಿಂದಿನಿಂದ ಕೊಕ್ ಕೊಕ್ ಎನ್ನುವುದು ಕೇಳಿಸಿತು, ನಾನು ಶಾಲೆಗೆ ಹೊರಟಾಗ ಬೇಲಿಯ ಬಳಿ ನಿಂತು ಗೊಣಗುತ್ತಿತ್ತಲ್ಲ, ಅದೇ ದನಿ. ಅಪ್ಪ ಪೆಡಲ್ಲನ್ನು ಇನ್ನೂ ಜೋರಾಗಿ ತುಳಿದ. ನಾನು ಅಪ್ಪನ ಬೆನ್ನಿಗೆ ಮುಖ ಒತ್ತಿಕೊಂಡು ಅತ್ತೆ. ಅವನ ಅಂಗಿಯಲ್ಲೂ ಆ ತೊಟ್ಟಿಯದೇ ಘಾಟು.

ಮನೆಗೆ ಬಂದ ಮೇಲೆ ಅಮ್ಮ ಮುದ್ದೆ ಬಡಿಸಿದರೆ ನಾನು ಮುಟ್ಟಲಿಲ್ಲ. ಹೊತ್ತು ಇಳಿಯಿತು. ನಮ್ಮ ನಾಟಿ ಕೋಳಿಗಳು ಮೇಯುವುದನ್ನು ಬಿಟ್ಟು ಮನೆ ಸೇರುವ ಸಮಯ. ಅಜ್ಜಿ ದಿನವೂ ಮಾಡುವ ಹಾಗೆ ಕೊಟ್ಟಿಗೆಯ ಬಾಗಿಲಲ್ಲಿ ಕೂತು, ಬಾ ಬಾ ಎಂದು ಒಂದೊಂದನ್ನೇ ಕರೆದು, ಕವುಚಿಟ್ಟ ಬಿದಿರಿನ ಮಂಕರಿಯ ಅಡಿಗೆ ಸೇರಿಸುತ್ತಿದ್ದಳು. ನಾನು ಜಗಲಿಯ ಮೇಲೆ ಮಲಗಿದ್ದೆ. ಇದ್ದಕ್ಕಿದ್ದಂತೆ ಅಜ್ಜಿಯ ದನಿ ನಿಂತುಹೋಯಿತು.

ತಲೆ ಎತ್ತಿ ನೋಡಿದೆ. ಮಂಕರಿಯ ಮುಂದೆ, ಮೈಯೆಲ್ಲ ರಸ್ತೆಯ ಧೂಳು ಮೆತ್ತಿಕೊಂಡು, ಗಡ್ಡದ ಒಂದು ಕಡೆಯ ಪುಕ್ಕ ಕಿತ್ತುಹೋಗಿ, ಗಡ್ಡಮ್ಮ ನಿಂತಿತ್ತು! ಅಷ್ಟು ಲಾರಿಗಳ ನಡುವೆ ಆ ರಸ್ತೆಯನ್ನು ಅದು ಹೇಗೆ ದಾಟಿತೋ ಆ ದೇವರಿಗೇ ಗೊತ್ತು. ಅಜ್ಜಿ ಪೊರಕೆ ಎತ್ತುತ್ತಾಳೆ ಎಂದುಕೊಂಡೆ. ಅಜ್ಜಿ ಅದನ್ನು ನೋಡಿದಳು, ಅದು ಅಜ್ಜಿಯನ್ನು ನೋಡಿತು. ಆಮೇಲೆ ಅಜ್ಜಿ ಮಂಕರಿಯ ಅಂಚನ್ನು ಮೆಲ್ಲಗೆ ಎತ್ತಿದಳು. ಗಡ್ಡಮ್ಮ ತನ್ನ ಜಾಗಕ್ಕೆ ನುಸುಳಿ ಹೋಗಿ ಕೂತುಕೊಂಡಿತು.

“ಗಡಿ ದಾಟಿಸಿದ್ದು ತಾನಾಗೇ ಬಾಗಿಲಿಗೆ ಬಂತು ಅಂದ್ರೆ ಅದು ಮಾರಿಯಲ್ಲ ಕಣ್ರೋ, ಮನೇದು” ಎಂದಳು ಅಜ್ಜಿ.

ಅಪ್ಪ ಒಳಗಿನಿಂದ ಓಡಿ ಬಂದ. “ಅವ್ವಾ, ಮಾಟ ಇಲ್ದಿದ್ರೂ ವಿಷ ಐತಲ್ಲ! ಮಕ್ಕಳು ಮರಿ ಇರೋ ಮನೆ. ನಾಳೆ ಯಾರಾದ್ರೂ ತಿಳೀದೆ ಮೊಟ್ಟೆ ತಿಂದ್ರೆ?”

ಅಜ್ಜಿ ಎದ್ದು ನಿಂತಳು. ಅಪ್ಪನ ಕೈ ಹಿಡಿದು ಅವನ ಕಣ್ಣೆದುರಿಗೇ ಎತ್ತಿ ತೋರಿಸಿದಳು. “ದಿನಾ ಆ ತೊಟ್ಟೀಲಿ ಕೈ ಅದ್ದಿ ಬಂದು ಇದೇ ಕೈಯಾಗೆ ಮುದ್ದೆ ತಿಂತೀಯಲ್ಲ, ಆಗ ನನ್ನ ಹೊಟ್ಟೆ ಹೆಂಗೆ ಉರಿದದೆ ಅಂತ ಯಾವತ್ತಾದ್ರೂ ಕೇಳಿದ್ದೀಯಾ? ಕೋಳಿನಾದ್ರೆ ಗಡಿ ದಾಟಿಸ್ದೆ. ನಿನ್ನ ಎಲ್ಲಿಗೆ ದಾಟಿಸ್ಲಪ್ಪ ನಾನು?”

ಅಜ್ಜಿ ಅಷ್ಟಕ್ಕೇ ನಿಲ್ಲಲಿಲ್ಲ. ಸೀದಾ ಅಂಗಳಕ್ಕೆ ಹೋಗಿ, ಬೆಳಗಿನಿಂದ ಮನೆಯೊಳಗೆ ತರಬೇಡಿ ಎಂದು ಕಾದಿದ್ದ ಆ ಮೊಟ್ಟೆಯನ್ನು ಬರಿಗೈಯಲ್ಲಿ ಎತ್ತಿಕೊಂಡು, ಒಲೆಯ ಮೇಲೆ ಕುದಿಯುತ್ತಿದ್ದ ನೀರಿಗೆ ಹಾಕಿದಳು. ನಾವೆಲ್ಲ ದಂಗುಬಡಿದು ಬಾಗಿಲಲ್ಲಿ ನಿಂತೆವು. ಮೊಟ್ಟೆ ನೀರಿನಲ್ಲಿ ಟಕಟಕ ಎಂದು ಪಾತ್ರೆಗೆ ಬಡಿಯುತ್ತಿತ್ತು. ಬೆಂದ ಮೇಲೆ ಸೆರಗಿನಲ್ಲಿ ಹಿಡಿದು ಸಿಪ್ಪೆ ಬಿಡಿಸತೊಡಗಿದಳು.

“ಅಜ್ಜೀ, ಸಿಪ್ಪೆ ಒಳಗಡೇನೂ ನೀಲಿ!” ಎಂದು ಅಕ್ಕ ಚೀರಿದಳು.

ನಿಜ. ಹೊರಗೆ ಬಳಿದ ಬಣ್ಣವಲ್ಲ, ಸಿಪ್ಪೆಯ ಒಳಮೈಯೂ ನೀಲಿ. “ಬ್ಯಾಡವ್ವಾ!” ಎಂದು ಅಪ್ಪ ನುಗ್ಗಿದ. ಅಷ್ಟರಲ್ಲಿ ಮೊಟ್ಟೆ ಹೊರಗೆ ಬಂದಿತ್ತು. ಬೆಳ್ಳಗೆ, ಎಲ್ಲ ಮೊಟ್ಟೆಗಳಂತೆ ಅಪ್ಪಟ ಬಿಳಿ. ಅಜ್ಜಿ ಎರಡು ಹೋಳು ಮಾಡಿದಳು. ಒಳಗೆ ಅದೇ ಹಳದಿ ಭಂಡಾರ.

“ನಾನು ಬಾಳಿ ಬದುಕಿದೋಳು. ಆಗೋದಿದ್ರೆ ನನಗಾಗ್ಲಿ. ಆಮೇಲೆ ಮಕ್ಕಳು ತಿನ್ನಲಿ” ಎಂದು ಎರಡೂ ಹೋಳುಗಳನ್ನು ಬಾಯಿಗೆ ಹಾಕಿಕೊಂಡು, ಉಪ್ಪಿಲ್ಲದೆ, ನಮ್ಮನ್ನೇ ನೋಡುತ್ತ ಅಗಿದು ನುಂಗಿದಳು. ಅಮ್ಮ ಅಳುತ್ತಿದ್ದಳು. ನನಗೆ ಗಡ್ಡಮ್ಮ ಉಳಿದ ಸಂತೋಷಕ್ಕೆ ಅಳಬೇಕೋ, ಅಜ್ಜಿ ಸತ್ತುಹೋಗುತ್ತಾಳೆಂಬ ಭಯಕ್ಕೆ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಸೇರಿಸಿ ಅತ್ತೆ. ಅಂದು ಅಜ್ಜಿಯ ಕಂಬಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಮಲಗಿದೆ.

ಬೆಳಿಗ್ಗೆ ಎಚ್ಚರವಾದಾಗ ಪಕ್ಕದಲ್ಲಿ ಅಜ್ಜಿ ಇರಲಿಲ್ಲ. ಹೊರಗೆ ಓಡಿದೆ. ಅಂಗಳದಲ್ಲಿ ಪೊರಕೆಯ ಸದ್ದು. ಅಜ್ಜಿ ಕಸ ಗುಡಿಸುತ್ತ, ಹಸುವಿಗೆ ಹುಲ್ಲು ಹಾಕದ್ದಕ್ಕೆ ಯಾರನ್ನೋ ಬೈಯುತ್ತಿದ್ದಳು. ಅಷ್ಟು ಸಿಹಿಯಾದ ಬೈಗುಳವನ್ನು ನಾನು ಆಮೇಲೆ ಕೇಳಿಲ್ಲ.

ಅಪ್ಪ ಆ ನೀಲಿ ಸಿಪ್ಪೆಯ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಮಾಲೀಕರಿಗೆ ತೋರಿಸಿದ. ಅವರು ಬಿದ್ದು ಬಿದ್ದು ನಕ್ಕರಂತೆ. ಅದು ಯಾವುದೋ ದೂರದೇಶದ ಜಾತಿ, ಬಲು ಅಪರೂಪ, ಹುಟ್ಟಾ ಅದು ನೀಲಿ ಮೊಟ್ಟೆಯನ್ನೇ ಇಡುತ್ತದೆ, ಉಳಿದ ಮರಿಗಳೆಲ್ಲ ಸತ್ತುಹೋದವು ಎಂದರಂತೆ. ನಾವೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದೆವು. ಅಂದರೆ ಕೋಳಿಯದು ಏನೂ ತಪ್ಪಿರಲಿಲ್ಲ. ಆದರೆ ಆ ಹಳ್ಳದ ನೀರು ವಿಷವೆಂದು ಅಪ್ಪ ಹೆದರಿದ್ದನಲ್ಲ, ಅದು ಸುಳ್ಳಾಗಲಿಲ್ಲ. ನಾವು ಕೋಳಿಯನ್ನು ಗಡಿ ದಾಟಿಸಿದೆವು, ಆ ನೀರನ್ನು ಯಾರೂ ದಾಟಿಸಲಿಲ್ಲ. ಅಂದಿನಿಂದ ಅಪ್ಪ ಸೀಗೆಪುಡಿ ಹಾಕಿ ಕೈ ತಿಕ್ಕಿ ತೊಳೆಯದೆ ಅಜ್ಜಿ ತಟ್ಟೆ ಇಡುತ್ತಿರಲಿಲ್ಲ.

ಈಗ ನಿಮ್ಮ ಈ ಬ್ರೂಕ್‌ಫೀಲ್ಡ್ ಮನೆಗೆ ಬರೋಣ. ಮೊನ್ನೆ ಭಾನುವಾರ ಯಾರೋ ಬಾಗಿಲಿಗೆ ಒಂದು ಡಬ್ಬ ಕೊಟ್ಟು ಹೋದರು. ನಿಮ್ಮಮ್ಮ ಮುಚ್ಚಳ ತೆಗೆದಳು. ಸಾಲಾಗಿ ನೀಲಿ ಮೊಟ್ಟೆಗಳು! ನನ್ನ ಕೈಯಲ್ಲಿದ್ದ ಕಾಫಿ ಲೋಟ ಜಾರಿ ಬಿತ್ತು. ನೀವಿಬ್ಬರೂ ಫೋನಿನಿಂದ ತಲೆ ಎತ್ತಿ, “ಓ, ಬ್ಲೂ ಎಗ್ಸ್” ಎಂದು ಮತ್ತೆ ತಲೆ ತಗ್ಗಿಸಿದಿರಿ. ಅಷ್ಟೇ! ಮೊಟ್ಟೆಗಿಂತ ಅದನ್ನು ಕಂಡೇ ನನಗೆ ಹೆಚ್ಚು ಗಾಬರಿಯಾಯಿತು ಕಣ್ರೋ. ಇವನ್ನು ಇಟ್ಟ ಕೋಳಿ ಯಾವುದು ಎಂದು ಕೇಳಿದೆ. ನೀವು ಡಬ್ಬದ ಮೇಲಿನ ಚೀಟಿ ತೋರಿಸಿದಿರಿ. ಅದರಲ್ಲಿ ಕೋಳಿಯ ಜಾತಿ ಇತ್ತು, ಪ್ರೋಟೀನು ಎಷ್ಟು ಎಂದಿತ್ತು. ಅದಕ್ಕೆ ಗಡ್ಡ ಇತ್ತೋ, ಅದು ಯಾರ ಹಿಂದೆ ಓಡಾಡುತ್ತಿತ್ತೋ, ಅದೇನೂ ಇರಲಿಲ್ಲ.

ಆಮೇಲೆ ನೀವು ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತ, “ತಾತಾ, ಒಳಗೂ ಬ್ಲೂ!” ಎಂದಿರಿ. ನಾನು ಅದನ್ನು ನಿಮ್ಮ ಕೈಯಿಂದ ಕಿತ್ತುಕೊಂಡು ಗಬಕ್ಕನೆ ಬಾಯಿಗೆ ಹಾಕಿಕೊಂಡೆ. ಉಳಿದವನ್ನು ಸಂಜೆಯವರೆಗೂ ನಿಮಗೆ ಮುಟ್ಟಲು ಬಿಡಲಿಲ್ಲ. ತಾತ ಆಸೆಬುರುಕ ಎಂದು ನಿಮ್ಮಮ್ಮನಿಗೆ ದೂರು ಕೊಟ್ಟಿರಿ, ಇವತ್ತಿನವರೆಗೂ ಮುನಿಸಿಕೊಂಡಿದ್ದೀರಿ. ಮುನಿಸಿಕೊಳ್ಳಿ. ಡಬ್ಬದ ಮೇಲೆ ಏನು ಬೇಕಾದರೂ ಬರೆದಿರಲಿ, ನಮ್ಮ ಮನೆಯಲ್ಲಿ ನೀಲಿ ಮೊಟ್ಟೆಯನ್ನು ಮೊದಲು ತಿನ್ನುವುದು ಮನೆಯ ಹಿರಿಯರೇ.